ಸುಣ್ಣದ ಉಗುರಿನ ಗಂಗಣ್ಣ

ಗಂಗಣ್ಣನವರ ಹತ್ತು ಬೆರಳುಗಳಲ್ಲಿ ಒಂಬತ್ತು ಕಪ್ಪಗಿರುತ್ತಿದ್ದವು, ಒಂದು ಬೆಳ್ಳಗಿರುತ್ತಿತ್ತು. ಕಪ್ಪು ಇಂಜಿನ್ ಆಯಿಲಿನದು. ಸೀಮೆಎಣ್ಣೆ, ಸೋಪಿನ ಪುಡಿ, ತೆಂಗಿನ ನಾರು ಯಾವುದಕ್ಕೂ ಜಗ್ಗದೆ ಚರ್ಮದ ಗೆರೆಗೆರೆಯಲ್ಲಿ ಇಳಿದು ಕೂತಿದ್ದ ಕಪ್ಪು. ಬೆಳ್ಳಗಿದ್ದದ್ದು ಎಡಗೈ ಹೆಬ್ಬೆರಳಿನ ಉಗುರು. ಎಲೆಯಡಿಕೆಯ ಸುಣ್ಣ ಅಲ್ಲಿ ಸದಾ ಒಣಗಿ ಅಂಟಿಕೊಂಡಿರುತ್ತಿತ್ತು. ಆ ಸುಣ್ಣದಲ್ಲಿ ಅರ್ಧ ಅವರ ಬಾಯಿಗೆ ಹೋಗುತ್ತಿತ್ತು, ಉಳಿದರ್ಧ ತುಮಕೂರು ಸೀಮೆಯ ಕಾರುಗಳ ಹೊಟ್ಟೆಗೆ.

ತುಮಕೂರಿನ ಅಂಚಿನ ಸತ್ಯಮಂಗಲದ ಕಾರ್ಖಾನೆಗಳಿಗೆ ಹೋಗುವ ರಸ್ತೆಯ ಹಿಂದಿನ ಸಾಲಿನಲ್ಲಿ ನಮ್ಮ ಮನೆ. ನಮ್ಮ ಮನೆಯವರು ಅಲ್ಲೇ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಹಿತ್ತಲಿನ ಗೋಡೆಯಾಚೆ ಗಂಗಣ್ಣನವರ ತಗಡಿನ ಶೆಡ್ಡು. ಮದುವೆಯಾಗಿ ಕುಣಿಗಲ್ಲಿನಿಂದ ಬಂದ ಹೊಸದರಲ್ಲಿ ಆ ಕಡೆಯಿಂದ ಬರುವ ಸುತ್ತಿಗೆಯ ಸದ್ದಿಗೆ ನಾನು ಕೈಯಲ್ಲಿದ್ದ ಲೋಟ ಬೀಳಿಸುತ್ತಿದ್ದೆ. ಅತ್ತೆಗೆ ಅದು ಕೇಳಿಸುತ್ತಲೇ ಇರಲಿಲ್ಲ. ಅವರ ತೌರು ಗುಬ್ಬಿ ತಾಲ್ಲೂಕಿನ ಕಡಬದ ಹತ್ತಿರ, ಗಂಗಣ್ಣನವರೂ ಕಡಬದವರು. ಹಾಗಾಗಿ ಅವರು ನಮ್ಮತ್ತೆಯ ಪಾಲಿಗೆ ಮೆಕ್ಯಾನಿಕ್ ಅಲ್ಲ, 'ನಮ್ಮ ಕೆರೆ ನೀರು ಕುಡ್ದೋನು.' ನಮ್ಮ ಮನೆಯ ಹಳೆಯ ಇಡ್ಲಿ ತಟ್ಟೆಯೊಂದು ಗೋಡೆ ದಾಟಿ ಹೋಗಿ ಆ ಶೆಡ್ಡಿನಲ್ಲಿ ನೆಲೆಸಿತ್ತು. ಇಂಜಿನ್ ಬಿಚ್ಚಿದಾಗ ಒಂದೊಂದು ಸಿಲಿಂಡರಿನ ಸಣ್ಣಪುಟ್ಟ ಸಾಮಾನನ್ನು ಒಂದೊಂದು ಗುಳಿಯಲ್ಲಿ ಇಡುತ್ತಿದ್ದರು. ನಾಲ್ಕು ಸಿಲಿಂಡರು, ನಾಲ್ಕು ಗುಳಿ. ಒಂದರದು ಇನ್ನೊಂದಕ್ಕೆ ಸೇರಿದ್ದನ್ನು ನಾನು ಕಾಣೆ.

ನಾನು ತುಮಕೂರಿನ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಓದಿದವಳು ಅಂತ ಅತ್ತೆ ಹೇಳಿದ ದಿನದಿಂದ ಅವರು ನನ್ನನ್ನು 'ಕಾನ್ವೆಂಟಮ್ಮ' ಎಂದೇ ಕರೆದರು. ಅದರಲ್ಲಿ ಕೊಂಕು ಇರಲಿಲ್ಲ. ನಾನು ಬಟ್ಟೆ ಒಣಹಾಕುವಾಗ ಒಂದು ಬಟ್ಟೆಯ ತುದಿಗೂ ಇನ್ನೊಂದರ ತುದಿಗೂ ಸೇರಿಸಿ ಒಂದೇ ಕ್ಲಿಪ್ಪು ಹಾಕುವುದನ್ನು ಗೋಡೆಯಾಚೆಯಿಂದ ನೋಡಿ, "ಅಂಚಿಗಂಚು ಕೂಡ್ಸೋರು ನೀವು, ನಮ್ ಜಾತಿನೇ ಬುಡಿ" ಎಂದಿದ್ದರು. ಹೊಲಿಗೆ ಕ್ಲಾಸಿನ ಸಿಸ್ಟರಿಂದ ಬೈಸಿಕೊಂಡು ಕಲಿತ ಅಭ್ಯಾಸಕ್ಕೆ ಅಂಥ ಹೊಗಳಿಕೆ ಸಿಕ್ಕೀತೆಂದು ನಾನು ಎಣಿಸಿರಲಿಲ್ಲ.

ಅವರ ಹೆಸರಿದ್ದದ್ದು ಇಂಜಿನ್ ಕಟ್ಟುವುದರಲ್ಲಿ, ಅದರಲ್ಲೂ ಟೈಮಿಂಗ್ ಕೂಡಿಸುವುದರಲ್ಲಿ. ಇಂಜಿನ್ನಿನ ಕೆಳಗೊಂದು ದಂಡ, ಕ್ರ್ಯಾಂಕು. ಮೇಲೊಂದು ದಂಡ, ಕ್ಯಾಮು. ಎರಡಕ್ಕೂ ಹಲ್ಲಿನ ಚಕ್ರಗಳಿವೆ, ಎರಡನ್ನೂ ಒಂದು ಹಲ್ಲಿನ ಬೆಲ್ಟು ಸುತ್ತಿರುತ್ತದೆ. ಕೆಳಗಿನದು ಪಿಸ್ಟನ್ನುಗಳನ್ನು ಏರಿಸಿ ಇಳಿಸಿದರೆ ಮೇಲಿನದು ಗಾಳಿ, ಹೊಗೆ ಓಡಾಡುವ ವಾಲ್ವುಗಳನ್ನು ತೆರೆದು ಮುಚ್ಚುತ್ತದೆ. ಲೆಕ್ಕ ತಪ್ಪಿದರೆ ಏರಿ ಬಂದ ಪಿಸ್ಟನ್ನು ತೆರೆದಿದ್ದ ವಾಲ್ವಿಗೆ ಗುದ್ದಿ, ಒಂದೇ ಏಟಿಗೆ ಎಲ್ಲ ಸೊಟ್ಟ. ಇದನ್ನು ನಾನು ಹೀಗೆ ಬರೆದಿದ್ದೇನೆ. ಗಂಗಣ್ಣ ಹೇಳಿಕೊಟ್ಟದ್ದು ಬೇರೆ ಥರ.

"ಕ್ರ್ಯಾಂಕು ಸೊಸೆ ಇದ್ದಂಗೆ ಕಣಮ್ಮ, ಎಲ್ಡು ಸುತ್ತು ಸುತ್ತುತ್ತೆ. ಕ್ಯಾಮು ಅತ್ತೆ, ಅಷ್ಟೊತ್ಗೆ ಒಂದೇ ಸುತ್ತು. ಆದ್ರೆ ಬಾಗ್ಲು ತೆಗ್ಯೋದು, ಹಾಕೋದು ಎಲ್ಲಾ ಅತ್ತೇದೇ. ಸೊಸೆ ಬರೋ ಹೊತ್ಗೆ ಅತ್ತೆ ಬಾಗ್ಲಲ್ಲಿ ನಿಂತಿರ್ಬಾರ್ದು. ಇಷ್ಟೇ ಟೈಮಿಂಗು."

ಹಿತ್ತಲ ಕಟ್ಟೆಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ, "ನಾನ್ಯಾವಾಗ್ಲಾ ಬಾಗ್ಲಲ್ಲಿ ನಿಂತಿದ್ದೆ?" ಎಂದು ಅಲ್ಲಿಂದಲೇ ಕೇಳಿದರು. ಗಂಗಣ್ಣ ಇಂಜಿನ್ನಿನೊಳಕ್ಕೆ ತಲೆ ಹಾಕಿಬಿಟ್ಟರು.

ಚಕ್ರಗಳ ಮೇಲೆ ಕಂಪನಿಯವರು ಹೊಡೆದ ಗುರುತು ಇರುತ್ತದೆ, ಸಾಸಿವೆ ಕಾಳಿನಷ್ಟು ಗುಳಿ. ಗಂಗಣ್ಣ ಅದನ್ನು ಕಣ್ಣಿನಿಂದ ಹುಡುಕುತ್ತಿರಲಿಲ್ಲ. ಉಗುರನ್ನು ಚಕ್ರದ ಮೇಲೆ ಮೆಲ್ಲಗೆ ಜಾರಿಸುತ್ತ ಹೋಗುವರು, ಉಗುರು ತೊಡರಿದ ಕಡೆ ನಿಲ್ಲಿಸಿ ಅಲ್ಲೇ ಸುಣ್ಣ ಒತ್ತುವರು. ಒಣಗಿದ ಮೇಲೆ ನೋಡಿದರೆ ಬಿದಿಗೆಯ ಚಂದ್ರನಂಥ ಒಂದು ಬಿಳಿಯ ಗೀರು. ಆಮೇಲೆ ಆ ಗೀರನ್ನು ಇಂಜಿನ್ನಿನ ತಲೆಯ ಮೇಲಿನ ಗೆರೆಗೆ ಸರಿಯಾಗಿ ನಿಲ್ಲಿಸಿ ಬೆಲ್ಟು ಹಾಕುವರು.

ಅಷ್ಟಾದರೆ ಬೇರೆ ಗ್ಯಾರೇಜಿನವರು ಚಾವಿ ತಿರುಗಿಸಿಬಿಡುತ್ತಾರೆ. ಗಂಗಣ್ಣ ಹಾಗಲ್ಲ. ಕೈಕಾಲು ತೊಳೆದು, ಮುದ್ದೆ ಉಂಡು, ಎಲೆ ಹಾಕಿಕೊಂಡು ಬಂದು, ದೂರದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಲ್ಲುವರು. ಬೇರೆ ಯಾರಾದರೂ ಬಂದು ಉದ್ದ ಹಿಡಿಯ ಪಾನವನ್ನು, ಅಂದರೆ ಸ್ಪ್ಯಾನರನ್ನು, ಕ್ರ್ಯಾಂಕಿನ ಬೋಲ್ಟಿಗೆ ಸಿಕ್ಕಿಸಿ ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಎರಡೂ ಸುತ್ತು ಎಲ್ಲೂ ತಡೆಯದೆ ತಿರುಗಿ, ಗುರುತು ಮತ್ತೆ ಗೆರೆಗೆ ಬಂದು ನಿಂತರೆ ಮಾತ್ರ ಚಾವಿ. ತಿರುಗಿಸುವವರು ಯಾರಾದರೂ ಆಗಬಹುದಿತ್ತು: ಕಾರಿನ ಯಜಮಾನ, ಹಾಲಿನವನು, ಕೊರಿಯರಿನವನು. ಗಂಗಣ್ಣನವರು ಮಾತ್ರ ಆಗಬಾರದು.

ಒಂದು ಮಧ್ಯಾಹ್ನ ಯಾರೂ ಸಿಗದೆ ನನ್ನನ್ನೇ ಕರೆದರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ, "ಹೋಗು, ನಮ್ಮೋನೇ" ಅಂದರು. ಸೆರಗು ಸಿಕ್ಕಿಸಿಕೊಂಡು ಹೋದೆ. ಪ್ಲಗ್ಗುಗಳನ್ನು ಬಿಚ್ಚಿಟ್ಟಿದ್ದರಿಂದ ಪಾನ ಹಗುರವಾಗಿಯೇ ತಿರುಗಿತು, ರಾಗಿ ಕಲ್ಲು ತಿರುಗಿದಂತೆ. ನೀವೇ ತಿರುಗಿಸಿದರೆ ಏನಾಗುತ್ತದೆ ಎಂದು ಕೇಳಿದೆ.

"ಕಟ್ಟಿದ್ ಕೈಗೆ ಪ್ರೀತಿ ಇರ್ತದೆ ಕಣಮ್ಮ. ಎಲ್ಲಾರ ತಡೆದ್ರೆ, ಏನಿಲ್ಲ ಬುಡು ಅಂತ ಒಂಚೂರು ಬಲ ಹಾಕ್ಬುಡ್ತದೆ. ಅಷ್ಟು ಸಾಕು, ವಾಲ್ವು ಹೋಯ್ತು. ಇದ್ಕೆ ತಡೆದ್ರೆ ನಿಲ್ಲೋ ಕೈ ಬೇಕು."

ಅವತ್ತು ಎರಡನೆಯ ಸುತ್ತು ಮುಗಿದು ಆ ಬಿಳಿಯ ಗೀರು ಗೆರೆಗೆ ಬಂದು ನಿಂತಾಗ ನನಗೆ ಆದ ಖುಷಿ, ಹೊಲಿಗೆಯಲ್ಲಿ ಅಂಚಿಗೆ ಅಂಚು ಕೂಡಿದಾಗ ಆಗುವಂಥದ್ದೇ. ಮಾರನೆಯ ವಾರದಿಂದ ಗೋಡೆಯ ಮೇಲೆ ಮೂರು ಸಲ ತಟ್ಟಿದ ಸದ್ದು ಕೇಳಿದರೆ ಅದು ನನಗೆ. ನಮ್ಮ ಮನೆಯವರು ಕಾರ್ಖಾನೆಯಲ್ಲಿ, "ನಮ್ಮನೆಯೋರು ಮನೇಲಿಲ್ಲ, ಇಂಜಿನ್ ಕಟ್ತಾವ್ರೆ" ಎಂದು ಹೇಳಿಕೊಂಡು ನಗುತ್ತಿದ್ದರಂತೆ. ನಗಲಿ. ಕಟ್ಟುತ್ತಿದ್ದವರು ಯಾರು ಎನ್ನುವುದು ನನಗೆ ಗೊತ್ತಿತ್ತು. ಆದರೆ 'ಸರಿ' ಎನ್ನುವ ಮಾತು ನನ್ನ ಬಾಯಿಂದ ಬರಬೇಕಿತ್ತಲ್ಲ!

ಅವರು ಕಿವಿಯಿಂದಲೂ ನೋಡುತ್ತಿದ್ದರು. ಒಂದು ಭಾನುವಾರ ಕುಣಿಗಲ್ಲಿನ ನಮ್ಮ ತೌರಿಗೆ ಹೋಗಿ, ಅಲ್ಲಿಂದ ಎಲ್ಲರೂ ಮಾರ್ಕೋನಹಳ್ಳಿ ಡ್ಯಾಮು ನೋಡಲು ಹೋಗಿದ್ದೆವು. ವಾಪಸು ಹೊರಡುವಾಗ ಕಾರಿನ ಮೂತಿಯಿಂದ ಒಂದು ಹೊಸ ಸದ್ದು. ನಮ್ಮ ಮನೆಯವರು, ಏನೂ ಇಲ್ಲ, ಬಿಸಿಲಿಗೆ ಹಾಗೆ ಅಂದರು. ನನಗೆ ಸಮಾಧಾನವಾಗದೆ ಫೋನು ಮಾಡಿದೆ. ಗಂಗಣ್ಣ ಕಾರಿನ ಹತ್ತಿರ ಫೋನು ಹಿಡಿಯಲು ಹೇಳಲಿಲ್ಲ, ಫೋನಿನಲ್ಲಿ ಎಲ್ಲವೂ ಗೊರಗೊರ ಅಂತ ಒಂದೇ ಥರ ಕೇಳುತ್ತದಂತೆ. "ನಿಮ್ ಬಾಯಲ್ಲಿ ಮಾಡಿ ತೋರ್ಸಿ" ಅಂದರು. ಸುತ್ತ ಚಿತ್ರಾನ್ನದ ಡಬ್ಬಿ ಬಿಚ್ಚಿಕೊಂಡು ಕೂತ ಸಂಸಾರಗಳು. ನಾನು ಡ್ಯಾಮಿನ ಕಡೆ ತಿರುಗಿ ನಿಂತು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, "ಟಪ್ ಟಪ್... ಟಪ್... ಟಪ್ ಟಪ್" ಅಂದೆ. ನಮ್ಮ ತಮ್ಮನ ಹೆಂಡತಿ ಮೂರು ಹೆಜ್ಜೆ ದೂರ ಸರಿದಳು.

"ನಡುವೆ ಬುಟ್ ಬುಟ್ ಹೊಡೀತೈತಾ, ಒಂದೇ ಸಮ ಹೊಡೀತೈತಾ?"

"ಬಿಟ್ಟು ಬಿಟ್ಟು."

"ಚಾವಿ ಕಿತ್ತು ನಿಮ್ ಬ್ಯಾಗಲ್ಲಿ ಇಟ್ಕಳಿ. ಯಜಮಾನ್ರು ಕೇಳುದ್ರೂ ಕೊಡ್ಬೇಡಿ."

ಯಜಮಾನರು ಕೇಳಿದರು. ನಾನು ಕೊಡಲಿಲ್ಲ. ಸಂಜೆಯ ಹೊತ್ತಿಗೆ ಗಂಗಣ್ಣ ಬೈಕಿನಲ್ಲಿ ಬಂದು ಮುಚ್ಚಳ ಬಿಚ್ಚಿದರೆ ಬೆಲ್ಟಿನ ಒಂದು ಅಂಚು ಸೀಳಿ, ಹಳೆಯ ಲಂಗದ ಅಂಚಿನಂತೆ ನೂಲು ನೂಲಾಗಿ, ಸುತ್ತುವಾಗ ಮುಚ್ಚಳಕ್ಕೆ ಹೊಡೆಯುತ್ತಿತ್ತು. ಇನ್ನು ಎರಡು ಮೈಲಿ ಓಡಿದ್ದರೆ ಇಂಜಿನ್ ಮುಗಿದಿತ್ತು ಅಂದರು. ಅಲ್ಲೇ ಹೊಸ ಬೆಲ್ಟು ಹಾಕಿ, ಸುಣ್ಣದ ಗುರುತು ಇಟ್ಟು, ಪಾನವನ್ನು ನನ್ನ ಕೈಗೆ ಕೊಟ್ಟರು. ಎರಡು ಸುತ್ತು. ನಮ್ಮ ಮನೆಯವರು ಮುಂದೆಂದೂ ಕಾರ್ಖಾನೆಯಲ್ಲಿ ಆ ನಗೆಯ ಮಾತು ಆಡಿದ್ದು ಕೇಳಲಿಲ್ಲ.

ಅಂಥ ಗಂಗಣ್ಣನವರ ಕಣ್ಣಿಗೆ ಪೊರೆ ಬಂತು. ಮೊದಲು ಗಮನಿಸಿದವಳು ನಾನೇ ಇರಬೇಕು. ಇಡ್ಲಿ ತಟ್ಟೆಯಿಂದ ಸಾಮಾನು ತೆಗೆದುಕೊಳ್ಳುವಾಗ ಕೈ ಮೊದಲು ತಟ್ಟೆಯ ಅಂಚನ್ನು ಮುಟ್ಟಿ, ಆಮೇಲೆ ಗುಳಿ ಹುಡುಕುತ್ತಿತ್ತು. ಉಗುರಿಗೆ ತೊಡರಿದ್ದು ಅವರಿಗೆ ತಿಳಿಯುತ್ತಿತ್ತು, ಆದರೆ ಆ ಸುಣ್ಣ ಗೆರೆಗೆ ನೇರ ನಿಂತಿದೆಯೋ ಎಂದು ನೋಡಲು ಮುಖವನ್ನು ಇಂಜಿನ್ನಿಗೆ ಅಂಟಿಸುವಂತಾಗಿತ್ತು. ಸುದ್ದಿ ಹರಡುವುದಕ್ಕೆ ಎಷ್ಟು ಹೊತ್ತು? ಎರಡು ಕಾರುಗಳನ್ನು ಯಜಮಾನರು, ಅರ್ಜೆಂಟಿದೆ ಎಂದು ನೆಪ ಹೇಳಿ, ಬಿಚ್ಚಿದ್ದ ಹಾಗೆಯೇ ಎಳೆದುಕೊಂಡು ಹೋದರು. ಉಳಿದದ್ದು ಗುಬ್ಬಿಯ ಕೊಬ್ಬರಿ ವ್ಯಾಪಾರಿ ಬಸವರಾಜಣ್ಣನವರ ಕಾರೊಂದೇ. ಗಂಗಣ್ಣ ಅತ್ತೆಯ ಹತ್ತಿರ ಹೇಳಿಕೊಂಡಿದ್ದರು: ಇದೊಂದು ಸರಿಯಾಗಿ ಎದ್ದು ಹೋದರೆ ಇಂಜಿನ್ ಕೆಲಸ ಕೈಯಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ಇನ್ನು ಪಂಕ್ಚರು ಹಾಕಿಕೊಂಡು ಕೂರುವುದೇ.

ಅಷ್ಟರಲ್ಲಿ ಆಯುಧಪೂಜೆ ಬಂತು. ಗಂಗಣ್ಣ ಬಸವರಾಜಣ್ಣನವರ ಇಂಜಿನ್ನಿನ ಸಾಮಾನನ್ನೆಲ್ಲ ತೊಳೆದು, ಗುರುತು ಇಟ್ಟು, ಗೋಣಿಚೀಲದ ಮೇಲೆ ಜೋಡಿಸಿ, ಹಬ್ಬಕ್ಕೆ ಕಡಬಕ್ಕೆ ಹೊರಟರು. ಹೋಗುವಾಗ ಅತ್ತೆಗೆ ಶೆಡ್ಡಿನ ಬೀಗದ ಕೈ ಕೊಟ್ಟು, ಒಂದು ಕಡ್ಡಿ ಕರ್ಪೂರ ಹಚ್ಚಿಬಿಡಿ ಅಂದರು. ಅತ್ತೆಗೆ ಮಂಡಿ ನೋವು. ತಟ್ಟೆ ಹಿಡಿದು ಹೋದವಳು ನಾನು.

ಒರೆಸದೆ ಕುಂಕುಮ ಇಡುವುದು ನನ್ನ ಕೈಗೆ ಬರುವುದಿಲ್ಲ. ದೇವರ ದೀಪವಾಗಲಿ, ಹೊಲಿಗೆ ಯಂತ್ರವಾಗಲಿ, ಮೊದಲು ಒದ್ದೆ ಬಟ್ಟೆ, ಆಮೇಲೆ ಗಂಧ, ಅದರ ಮೇಲೆ ಕುಂಕುಮ. ಇಕ್ಕಳಕ್ಕೆ ಇಟ್ಟೆ, ಪೆಟ್ಟಿಗೆಗೆ ಇಟ್ಟೆ, ಇಂಜಿನ್ನಿನ ದೊಡ್ಡ ಭಾಗಕ್ಕೆ ಇಟ್ಟೆ. ಗೋಣಿಯ ಮೇಲೆ ಎಲ್ಲಕ್ಕಿಂತ ಚೆಂದ ಕಾಣುತ್ತಿದ್ದದ್ದು ಹಲ್ಲು ಹಲ್ಲಿನ ಆ ಚಕ್ರ, ಕ್ಯಾಮಿನದು. ಅದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಲೋಟ ಒರೆಸುವಂತೆ ಸುತ್ತಲೂ ಒರೆಸಿ, ಗಂಧದ ಬೊಟ್ಟು, ಅದರ ಮೇಲೆ ಕುಂಕುಮ ಇಟ್ಟೆ. ಅಲ್ಲೊಂದು ಸುಣ್ಣದ ಗೀರು ಇತ್ತು. ಎಷ್ಟೋ ಸಲ ಅಂಥ ಗೀರು ನೋಡಿ 'ಸರಿ' ಅಂದಿದ್ದ ಕಣ್ಣಿಗೆ ಆವತ್ತು ಅದು ಕಾಣಲಿಲ್ಲ. ನನ್ನ ಗಮನವೆಲ್ಲ ಶುದ್ಧ ಮಾಡುವುದರ ಮೇಲಿತ್ತು.

ಹಬ್ಬ ಮುಗಿಸಿ ಬಂದ ಗಂಗಣ್ಣ ಇಂಜಿನ್ ಕಟ್ಟಿದರು. ಗೋಡೆಯ ಮೇಲೆ ಮೂರು ತಟ್ಟು ಕೇಳಿ ಹೋದಾಗ ಬಸವರಾಜಣ್ಣ ಬಂದು ಕುರ್ಚಿಯಲ್ಲಿ ಕೂತಿದ್ದರು. ಬಿಳಿ ಅಂಗಿ, ಬಿಳಿ ಪಂಚೆ, ಎಲ್ಲಿ ಆಯಿಲು ತಾಗುತ್ತದೋ ಎಂದು ಎರಡು ಕಾಲನ್ನೂ ಕುರ್ಚಿಯ ಮೇಲಕ್ಕೆ ಎತ್ತಿಕೊಂಡಿದ್ದರು. ಗಂಗಣ್ಣ ಎಂದಿನಂತೆ ದೂರದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತರು. ನಾನು ಪಾನ ಸಿಕ್ಕಿಸಿ ತಿರುಗಿಸಿದೆ.

ಅರ್ಧ ಸುತ್ತೂ ಆಗಿರಲಿಲ್ಲ. ಕೈ ನಿಂತಿತು.

"ತಡೀತು, ಗಂಗಣ್ಣ."

"ಎಂಗೆ ತಡೀತು?"

"ಗೋಡೆಗೆ ತಾಗಿದ ಹಾಗೆ."

"ಕೈ ಬುಡಿ."

ಹತ್ತಿರ ಬಂದು ಬಗ್ಗಿದರು. ಮೇಲಿನ ಚಕ್ರದ ಬಿಳಿಯ ಗುರುತು ಎಲ್ಲಿದೆ ಎಂದು ಹುಡುಕಿ, ಅದರ ತುದಿಯನ್ನು ಬೆರಳಿನಿಂದ ಸವರಿದರು. ಆ ಬೆರಳನ್ನು ಒಂದು ಗಳಿಗೆ ಮೂಗಿನ ಹತ್ತಿರ ಹಿಡಿದರು. ಮೀಸೆ ಒರೆಸಿಕೊಂಡರೆಂದು ನಾನು ಅಂದುಕೊಂಡೆ. ಆಮೇಲೆ ನೆಟ್ಟಗೆ ನಿಂತು, ಗುರುತು ತಪ್ಪಾಗಿದೆ, ಬಿಚ್ಚಿ ಮತ್ತೆ ಕೂಡಿಸಬೇಕು ಎಂದು ಬಸವರಾಜಣ್ಣನವರಿಗೆ ಹೇಳಿದರು.

"ಗುರ್ತು ಇಟ್ಟೋನ್ಯಾರು?"

"ನಾನೇ."

"ಊರೋರೆಲ್ಲ ಬಡ್ಕಂಡ್ರು, ಗಂಗಣ್ಣನ್ ಕಣ್ಣು ಹೋಗೈತೆ, ಕೊಡ್ಬೇಡ ಅಂತ. ನಾನೇ ಕೇಳ್ಲಿಲ್ಲ." ಕಾಲು ಕೆಳಗಿಳಿಸಿ ಎದ್ದು ನಿಂತರು. "ಬುಡು ಗಂಗಣ್ಣ, ಬೇಜಾರ್ ಮಾಡ್ಕಬೇಡ. ನಾಳಿಕ್ ಗಾಡಿ ಕಳುಸ್ತೀನಿ, ಎಳ್ಕೊಂಡ್ ಹೋಗ್ತಾರೆ."

"ಇರ್ಬೌದು" ಅಂದರು ಗಂಗಣ್ಣ. "ಕಣ್ಣಿನ್ ತಪ್ಪೇ ಇರ್ಬೌದು." ತಿರುಗಿ ಒಂದೊಂದೇ ಪಾನವನ್ನು ಒರೆಸಿ ಪೆಟ್ಟಿಗೆಗೆ ಇಡತೊಡಗಿದರು.

ನನ್ನ ಮುಖ ಚಕ್ರದ ಪಕ್ಕದಲ್ಲೇ ಇತ್ತು. ಗುರುತು ನೋಡಿದೆ. ಗಂಗಣ್ಣನವರ ಉಗುರಿನ ಗುರುತು ಯಾವತ್ತೂ ಬಿದಿಗೆಯ ಚಂದ್ರ. ಇದು ದುಂಡಗಿತ್ತು. ಉಂಗುರದ ಬೆರಳಿನ ತುದಿಯಷ್ಟು ದುಂಡಗೆ. ಅವರು ಸವರದೆ ಬಿಟ್ಟ ಅಂಚಿನಲ್ಲಿ ಒಂದೆರಡು ಕೆಂಪು ಕಣ. ಒಣಗಿದ ಗಂಧದ ಮೇಲಿನ ಕುಂಕುಮ ಕೈಗೆತ್ತಿಕೊಂಡಾಗ ಉದುರಿಹೋಗಿ, ಬಿಳಿಚಿದ ಗಂಧ ಮಾತ್ರ ಉಳಿದಿತ್ತು. ಪೊರೆ ಬಂದ ಕಣ್ಣಿಗೆ ಅದು ತಾನೇ ಇಟ್ಟ ಸುಣ್ಣವಾಗಿ ಕಂಡಿತ್ತು. ತಾವು ಒಂದು ಸಲ ಗುರುತು ಇಟ್ಟ ಮೇಲೆ ಮತ್ತೆ ಉಗುರಾಡಿಸಿ ನೋಡುವವರಲ್ಲ ಗಂಗಣ್ಣ.

ನಾನು ಹೊರಗಿನ ಗಂಡಸರ ಎದುರು ಗಟ್ಟಿಯಾಗಿ ಮಾತಾಡಿದವಳಲ್ಲ. ಮನೆಗೆ ನೆಂಟರು ಬಂದರೂ ಕಾಫಿ ಕೊಟ್ಟು ಒಳಗೆ ಹೋಗುವವಳು. ಸುಮ್ಮನೆ ಮನೆಗೆ ಹೋಗಿಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪಾನ ಪೆಟ್ಟಿಗೆಗೆ ಬೀಳುವ ಸದ್ದು ಒಂದಾಯಿತು, ಎರಡಾಯಿತು. ಮೂರನೆಯದು ಬೀಳುವ ಮುಂಚೆ ಹೇಳಿದೆ.

"ಗುರುತು ಇಟ್ಟಿದ್ದು ಅವರಲ್ಲ. ನಾನು."

ಇಬ್ಬರೂ ತಿರುಗಿ ನೋಡಿದರು. ಪೂಜೆಯ ದಿನ ಸುಣ್ಣ ಒರೆಸಿಹಾಕಿದ್ದು, ಗಂಧ ಇಟ್ಟದ್ದು, ಕುಂಕುಮ ಉದುರಿದ್ದು ಎಲ್ಲವನ್ನೂ ಹೇಳಿದೆ. ಕೆಂಪು ಕಣಗಳನ್ನು ಬೆರಳಿಟ್ಟು ತೋರಿಸಿದೆ.

ಬಸವರಾಜಣ್ಣ ಪಂಚೆ ಎತ್ತಿಕೊಂಡು ಬಂದು ಬಗ್ಗಿ ನೋಡಿದರು. "ಬರೀ ಗಂಧ ಇಟ್ಟು ಬುಟ್ರೇನಮ್ಮ? ಮಡ್ಲಕ್ಕೀನೂ ಕಟ್ಬೇಕಾಗಿತ್ತು" ಅಂದರು.

ನನಗೆ ಕಣ್ಣು ತುಂಬಿ ಬಂತು. ಆದರೂ ಅಲ್ಲೇ ನಿಂತು, ನಿಮ್ಮ ಇಂಜಿನ್ನಿಗೆ ಏನೂ ಆಗಿಲ್ಲ, ತಡೆದ ಕೂಡಲೇ ನಿಲ್ಲಿಸಿದ್ದೇನೆ, ಅವರು ಈಗಲೇ ಬಿಚ್ಚಿ ಕೂಡಿಸಲಿ, ನೀವು ನೋಡಿಕೊಂಡು ಹೋಗಿ ಎಂದು ಕೇಳಿಕೊಂಡೆ. ಬಸವರಾಜಣ್ಣ ನನ್ನನ್ನು ನೋಡಿದರು, ಗಂಗಣ್ಣನನ್ನು ನೋಡಿದರು, ಮತ್ತೆ ಕುರ್ಚಿಗೆ ಹೋಗಿ ಕೂತು ಕಾಲು ಮೇಲಕ್ಕೆ ಎತ್ತಿಕೊಂಡರು.

ಗಂಗಣ್ಣ ಬೆಲ್ಟು ಬಿಚ್ಚಿದರು. ಚಕ್ರವನ್ನು ಒರೆಸಿ, ಕಣ್ಣು ಮುಚ್ಚಿಕೊಂಡು ಉಗುರು ಜಾರಿಸಿದರು. ನನ್ನ ಬೊಟ್ಟಿನಿಂದ ನಾಲ್ಕು ಹಲ್ಲು ಆಚೆ ಉಗುರು ತೊಡರಿತು. ಸುಣ್ಣ ಒತ್ತಿದರು. ಆಮೇಲೆ ಆವರೆಗೆ ಯಾರನ್ನೂ ಕೇಳದಿದ್ದುದನ್ನು ನನ್ನನ್ನು ಕೇಳಿದರು: ಗೆರೆಗೆ ನೇರ ನಿಂತಿದೆಯೋ ನೋಡಿ ಎಂದು. ಕೂದಲೆಳೆಯಷ್ಟು ಎಡಕ್ಕಿದೆ ಅಂದೆ. ಸರಿಸಿದರು. ಈಗ ಸರಿ ಅಂದೆ.

ಬೆಲ್ಟು ಕೂತ ಮೇಲೆ ಅವತ್ತೂ ಕೈಕಾಲು ತೊಳೆದುಕೊಂಡೇ ಬಂದರು. ಊಟ ಮಾತ್ರ ಮಾಡಲಿಲ್ಲ. ನಾನು ಪಾನ ಹಿಡಿದೆ. ಮುಂಚೆ ತಡೆದಿದ್ದ ಜಾಗ ಹತ್ತಿರ ಬಂದಾಗ ನನ್ನ ಉಸಿರು ನಿಂತಿತ್ತು. ಪಾನ ನಿಲ್ಲಲಿಲ್ಲ, ಬೆಣ್ಣೆಯಲ್ಲಿ ಹೋದಂತೆ ದಾಟಿತು. ಒಂದು. ಗಂಗಣ್ಣ ಹಿಂದೆ ಕಟ್ಟಿದ್ದ ಕೈ ಬಿಚ್ಚಿರಲಿಲ್ಲ. ಎರಡು. ಬಿದಿಗೆಯ ಚಂದ್ರ ಬಂದು ಗೆರೆಗೆ ನಿಂತಿತು.

ಪ್ಲಗ್ಗು ಹಾಕಿ ಚಾವಿ ತಿರುಗಿಸಿದಾಗ ಇಂಜಿನ್ ಕೆಮ್ಮಲಿಲ್ಲ, ಮೊದಲ ಸಲಕ್ಕೇ ಎದ್ದಿತು. ಗಂಗಣ್ಣ ಅದರ ಮೇಲೆ ನೀರು ತುಂಬಿದ ಸ್ಟೀಲ್ ಲೋಟ ಇಟ್ಟರು. ನೀರು ಸಣ್ಣಗೆ ನಡುಗಿತೇ ಹೊರತು ಚೆಲ್ಲಲಿಲ್ಲ. ಆಗ ಬಸವರಾಜಣ್ಣನವರ ಕಡೆ ತಿರುಗಿ, "ಈಗ ಕಟ್ಟುಸ್ಬೌದು ನೋಡಿ ಮಡ್ಲಕ್ಕಿ" ಅಂದರು. ಬಸವರಾಜಣ್ಣ ಹೊಟ್ಟೆ ಕುಲುಕಿಸಿ ನಕ್ಕರು. ಮಾರನೆಯ ವಾರ ಗುಬ್ಬಿಯಿಂದಲೇ ಇನ್ನೆರಡು ಕಾರು ಬಂದವು. ಆ ಮಡಿಲಕ್ಕಿಯ ಕತೆಯನ್ನು ಬಸವರಾಜಣ್ಣ ಕೊಬ್ಬರಿ ಮಂಡಿಯ ತುಂಬ ಹೇಳಿಕೊಂಡು ಬಂದಿದ್ದರಂತೆ, ಕೊನೆಗೆ ಲೋಟದ ನೀರಿನ ಮಾತನ್ನೂ ಸೇರಿಸಿ.

ಗಂಗಣ್ಣ ಮಾತ್ರ ಅತ್ತೆಯ ಹತ್ತಿರ ಬಂದು, "ಕಣ್ಣಿನ್ ತಪ್ಪೂ ಒಂಚೂರು ಐತೆ ಕಣಕ್ಕ, ಸುಳ್ಳು ಹೇಳ್ಬಾರ್ದು" ಎಂದು ಒಪ್ಪಿಕೊಂಡು, ಆ ತಿಂಗಳೇ ಆಪರೇಷನ್ ಮಾಡಿಸಿಕೊಂಡರು. ಕಪ್ಪು ಕನ್ನಡಕ ತೆಗೆದ ದಿನ ಗೋಡೆಯಾಚೆಯಿಂದ ನಮ್ಮ ಹಿತ್ತಲು ನೋಡಿ, ಇಷ್ಟೊಂದು ಬಣ್ಣದ ಬಟ್ಟೆ ಇದೆಯೇ ನಿಮ್ಮ ಮನೆಯಲ್ಲಿ ಎಂದು ಆಶ್ಚರ್ಯಪಟ್ಟರು. ಆಮೇಲೆ ಕೆಲವು ವರ್ಷ ಒಂದೂ ಕೊರತೆಯಿಲ್ಲದೆ ಕೆಲಸ ಮಾಡಿದರು. ಮೂರು ತಟ್ಟು ಮಾತ್ರ ನಿಲ್ಲಿಸಲಿಲ್ಲ.

ಉಸಿರಿನ ತೊಂದರೆ ಶುರುವಾದ ಮೇಲೆ ಶೆಡ್ಡು ಮುಚ್ಚಿ ಕಡಬಕ್ಕೆ ಹೋದರು. ಕೊನೆಯ ಸಲ ಅವರನ್ನು ನೋಡಿದ್ದು ಅಲ್ಲೇ, ಹೋದ ಬೇಸಿಗೆಯಲ್ಲಿ. ಅತ್ತೆಯನ್ನು ಕೂರಿಸಿಕೊಂಡು ನಾನೇ ಕಾರು ಓಡಿಸಿಕೊಂಡು ಹೋಗಿದ್ದೆ. ಜಗಲಿಯ ಮೇಲೆ ಕೂತಿದ್ದರು. ಕೈ ನೋಡಿ ಒಂದು ಗಳಿಗೆ ಗುರುತೇ ಸಿಗಲಿಲ್ಲ. ಹತ್ತೂ ಬೆರಳು ಒಂದೇ ಬಣ್ಣ. ಡಾಕ್ಟರು ಎಲೆಯಡಿಕೆ ಬಿಡಿಸಿದ್ದರು, ಆಯಿಲು ತಾನಾಗಿ ಬಿಟ್ಟಿತ್ತು.

ಅತ್ತೆ ಒಳಗೆ ಅವರ ಹೆಂಡತಿಯ ಹತ್ತಿರ ಮಾತಿಗೆ ಕೂತರು. ನಾನು ಎಷ್ಟೋ ವರ್ಷದಿಂದ ಒಳಗಿಟ್ಟುಕೊಂಡಿದ್ದುದನ್ನು ಅವರಿಗೆ ಹೇಳಿದೆ: ಆವತ್ತು ನನ್ನ ಕೈಯಿಂದ ನಿಮ್ಮ ಹೆಸರು ಹೋಗುತ್ತಿತ್ತು, ಗೊತ್ತಾಗಿದ್ದು ಪುಣ್ಯ, ಗೊತ್ತಾಗದಿದ್ದರೆ ನೀವು ನಿಮ್ಮ ಕಣ್ಣನ್ನೇ ದೂರಿಕೊಂಡು ಕೂತಿರುತ್ತಿದ್ದಿರಿ ಎಂದು.

ಗಂಗಣ್ಣ ನಕ್ಕರು. ನಗು ಕೆಮ್ಮಾಗಿ, ಕೆಮ್ಮು ನಿಲ್ಲುವವರೆಗೆ ಕಾದರು.

"ಸುಣ್ಣಕ್ಕೆ ಗಂಧದ್ ವಾಸ್ನೆ ಬತ್ತದೇನಮ್ಮ?"

ಮೂಗಿನ ಹತ್ತಿರ ಹೋದ ಆ ಬೆರಳು ನನಗೆ ಆಗ ನೆನಪಾಯಿತು. ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಎಂದೆ.

"ದೇವ್ರಿಗೆ ಅಂತ ಇಟ್ಟಿದ್ದು ನೀವು. ಅದ್ನ ನಾಲ್ಕ್ ಜನದ್ ಮುಂದೆ ತಪ್ಪು ಅಂದು ನಾನು ಮೇಸ್ತ್ರಿ ಅನ್ನುಸ್ಕಬೇಕಾಗಿತ್ತಾ?" ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತ ನಮ್ಮ ಕಾರನ್ನು ನೋಡಿದರು. "ತಡೆದ್ರೆ ನಿಲ್ಲೋ ಕೈ ನಿಮ್ದು. ಬಾಯೂ ಹಂಗೇ ಅನ್ಕಂಡಿದ್ದೆ. ಅವತ್ತು ನಿಲ್ಲಿಲ್ಲ."

ಸಿಸ್ಟರುಗಳು ಕೊಟ್ಟ ಬಹುಮಾನದ ಪುಸ್ತಕಗಳು ನಮ್ಮ ಬೀರುವಿನಲ್ಲಿ ಇನ್ನೂ ಇವೆ. ಒಳ್ಳೆಯ ನಡತೆಗೆ, ಚೊಕ್ಕ ಬರವಣಿಗೆಗೆ. ಯಾವುದನ್ನು ತೆಗೆದುಕೊಂಡಾಗಲೂ ನನ್ನ ಬೆನ್ನು ಅಷ್ಟು ನೆಟ್ಟಗಾಗಿರಲಿಲ್ಲ. ಹೊರಟಾಗ ಅವರು ಏಳಲಿಲ್ಲ. ನಾನು ಕಾರು ಎಬ್ಬಿಸಿದ ಮೇಲೆ ಕೈಯೆತ್ತಿ ನಿಲ್ಲಿಸಿ, ತಲೆ ಓರೆ ಮಾಡಿ ಕೇಳಿ, ಹೋಗಿ ಎನ್ನುವಂತೆ ಕೈ ಬೀಸಿದರು. ಮಳೆಗಾಲ ಮುಗಿಯುವ ಮುಂಚೆ ಅವರು ಹೋದರು.

ಕಳೆದ ತಿಂಗಳು ಬೆಲ್ಟು ಬದಲಾಯಿಸಲು ಕಾರನ್ನು ಹೊಸ ಗ್ಯಾರೇಜಿಗೆ ಒಯ್ದಿದ್ದೆ. ಅಲ್ಲಿ ಎಲ್ಲರಿಗೂ ಕೈಗವಸು, ನೆಲ ನಮ್ಮ ಅಡುಗೆಮನೆಯಷ್ಟು ಚೊಕ್ಕ. ಮೆಕ್ಯಾನಿಕ್ ಮುಚ್ಚಳ ಬಿಚ್ಚಿ, "ಇದೇನ್ ಮೇಡಂ, ಬೆಳ್ಳಗೆ?" ಎಂದು ಬಟ್ಟೆ ತೆಗೆದುಕೊಂಡರು. ಬಗ್ಗಿ ನೋಡಿದೆ. ಮೇಲಿನ ಚಕ್ರದ ಮೇಲೆ ಮಾರ್ಕೋನಹಳ್ಳಿಯ ಆ ಸಂಜೆಯ ಬಿದಿಗೆಯ ಚಂದ್ರ, ಅಂಚು ಸಹ ಮಾಸದೆ ಹಾಗೆಯೇ ಇತ್ತು.

"ಒರೆಸಬೇಡಿ" ಅಂದೆ. "ಅದು ಗುರುತು. ಸರಿಯಾಗಿದೆ."

ಅವರು ತಮ್ಮ ಪುಸ್ತಕ ನೋಡಿ, ಕಂಪನಿಯ ಗುಳಿ ಹುಡುಕಿ, ಹೌದು ಅಂದರು. ಹೊಸ ಬೆಲ್ಟು ಕೂರಿಸಿ ಚಾವಿಗೆ ಕೈ ಹಾಕುವಷ್ಟರಲ್ಲಿ ನಾನು ಸೆರಗು ಸಿಕ್ಕಿಸಿಕೊಂಡಿದ್ದೆ. ಪ್ಲಗ್ಗು ಬಿಚ್ಚಿ ಒಂದು ಉದ್ದ ಹಿಡಿಯ ಪಾನ ಕೊಡಿ ಎಂದು ಕೇಳಿದೆ. ಯಾಕೆ ಎನ್ನುವಂತೆ ನೋಡಿದರು. ಕಟ್ಟಿದವರು ತಿರುಗಿಸಬಾರದು ಎಂದೆ.

ಪಾನ ಕೊಟ್ಟು ಹಿಂದಕ್ಕೆ ಸರಿದು ನಿಂತರು. ನಾನು ಬೋಲ್ಟಿಗೆ ಸಿಕ್ಕಿಸಿ, ಮೆಲ್ಲಗೆ, ತಡೆದರೆ ನಿಲ್ಲುವ ಹಾಗೆ, ತಿರುಗಿಸಿದೆ.

ಒಂದು.

ಎರಡು.